ಮಾರಿದ ಗಾಡಿ ಈಗ ಯಾರ ಹತ್ತಿರ ಇದೆ? ಆರ್‌ಟಿಒ ಯಾಕೆ ಹೇಳುವುದಿಲ್ಲ?

2022ರಲ್ಲಿ ಮಾರಿದ್ದ ಸ್ಕೂಟರಿನ ಮೇಲೆ ದಂಡ ಬಿದ್ದಿದೆ ಅಂತ ಎರಡು ವರ್ಷ ಕಳೆದ ಮೇಲೆ ನನ್ನ ಫೋನಿಗೆ ಮೆಸೇಜ್ ಬಂತು. ಮೆಸೇಜಿನಲ್ಲಿದ್ದ ಲಿಂಕ್ ಒತ್ತಲಿಲ್ಲ. ಈಗ ನಕಲಿ ಚಲನ್ ಲಿಂಕುಗಳ ಕಾಟ ಜಾಸ್ತಿ. ಬೆಂಗಳೂರು ಸಂಚಾರ ಪೊಲೀಸರ ವೆಬ್‌ಸೈಟಿಗೇ ಹೋಗಿ ಗಾಡಿ ನಂಬರ್ ಹಾಕಿದೆ. ಒಂದಲ್ಲ, ನಾಲ್ಕು ಚಲನ್ ಇದ್ದವು. ಫೋಟೋ ತೆರೆದರೆ ಸ್ಕೂಟರಿನ ಮೇಲೆ ಮೂವರು ಹುಡುಗರು, ಯಾರ ತಲೆ ಮೇಲೂ ಹೆಲ್ಮೆಟ್ ಇಲ್ಲ. ಹಿಂದಿನ ಮಡ್‌ಗಾರ್ಡಿನ ಎಡಮೂಲೆ ಒಡೆದಿತ್ತು, ಅದು ನನ್ನ ಕಾಲದಲ್ಲೇ ಒಡೆದದ್ದು. ಅದರ ಪಕ್ಕದಲ್ಲಿ ಮಗಳು ಎರಡನೇ ಕ್ಲಾಸಿನಲ್ಲಿದ್ದಾಗ ಅಂಟಿಸಿದ ಚಿಟ್ಟೆ ಸ್ಟಿಕರ್ ಇನ್ನೂ ಅರ್ಧ ಉಳಿದಿತ್ತು. ಗಾಡಿ ನನ್ನದೇ ಅನ್ನುವುದರಲ್ಲಿ ಅನುಮಾನವೇ ಇರಲಿಲ್ಲ. ಓಡಿಸುತ್ತಿರುವವರು ಯಾರು ಅಂತ ಮಾತ್ರ ಗೊತ್ತಿಲ್ಲ.

ಕೊಂಡವನಿಗೆ ಫೋನ್ ಮಾಡಿದೆ. "ಅಯ್ಯೋ ಸಾರ್, ಅದನ್ನ ನಾನು ಆರು ತಿಂಗಳಲ್ಲೇ ಫ್ರೆಂಡಿಗೆ ಕೊಟ್ಟೆ, ಅವನು ಯಾರಿಗೋ ಕೊಟ್ಟನಂತೆ" ಅಂದ. ಸರಿ, ಸರ್ಕಾರಿ ಆಪ್‌ನಲ್ಲಿ ನೋಡೋಣ ಅಂತ ಎಂಪರಿವಾಹನ್ ತೆರೆದು ನಂಬರ್ ಹಾಕಿದೆ. ಮಾಲೀಕರ ಹೆಸರಿನ ಜಾಗದಲ್ಲಿ ಒಂದೆರಡು ಅಕ್ಷರ, ಮಿಕ್ಕದ್ದೆಲ್ಲ ನಕ್ಷತ್ರದ ಗುರುತು. ಹೊಸ ಮಾಲೀಕನ ಹೆಸರನ್ನು ಮುಚ್ಚಿಟ್ಟಿದ್ದಾರೆ ಅಂದುಕೊಂಡು ಆರ್‌ಟಿಒ ಕಚೇರಿಗೆ ಹೋದೆ. ಕೌಂಟರಿನಲ್ಲಿದ್ದ ಮೇಡಂ ನನ್ನ ಮಾತು ಪೂರ್ತಿ ಕೇಳಿಸಿಕೊಂಡು, ನಂಬರ್ ಒತ್ತಿ, ನನ್ನ ಮುಖ ನೋಡಿದರು. "ಹೊಸ ಮಾಲೀಕರ ಹೆಸರು ಕೇಳ್ತಾ ಇದ್ದೀರಲ್ಲ ಸಾರ್, ಇಲ್ಲಿ ಇರೋದು ನಿಮ್ಮ ಹೆಸರೇ."

ಆ ನಕ್ಷತ್ರಗಳು ಮುಚ್ಚಿದ್ದು ನನ್ನನ್ನೇ!

ಆ ದಿನದಿಂದ ಈ ವಿಷಯ ನನ್ನ ತಲೆಯಲ್ಲಿ ಕೂತಿದೆ. ಎಷ್ಟೋ ಜನ ಕೇಳುವ ಪ್ರಶ್ನೆ ಇದು: ನಾನು ಮಾರಿದ ಗಾಡಿ ಈಗ ಯಾರ ಹತ್ತಿರ ಇದೆ ಅಂತ ತಿಳಿಯುವುದು ಹೇಗೆ, ಕೇಳಿದರೆ ಖಾಸಗಿ ಮಾಹಿತಿ ಅಂತಾರೆ, ನನ್ನ ಹೆಸರಿಗೆ ದಂಡ ಬರುವಾಗ ಅದೆಂಥ ಖಾಸಗಿತನ? ಕೋಪ ಬರುವುದು ಸಹಜ. ಆದರೆ ಸ್ವಲ್ಪ ಬಿಡಿಸಿ ನೋಡಿದರೆ ಇಲ್ಲಿ ಎರಡೇ ಸಂದರ್ಭ ಇರುವುದು. ಒಂದು, ಆರ್‌ಸಿ ಹೊಸಬರ ಹೆಸರಿಗೆ ಆಗಿದೆ. ಆಗ ಅವರ ಹೆಸರು, ವಿಳಾಸ ನಮಗೆ ಕೊಡುವುದಿಲ್ಲ, ಆದರೆ ಅದು ನಮಗೆ ಬೇಕಾಗಿಯೂ ಇರುವುದಿಲ್ಲ. ಗಾಡಿ ನಮ್ಮ ಹೆಸರಿನಿಂದ ಹೋಗಿದೆ, ಇಂಥ ದಿನ ಹೋಗಿದೆ ಅನ್ನುವುದಷ್ಟೇ ಸಾಕು. ಎರಡು, ಆರ್‌ಸಿ ಬದಲಾಗೇ ಇಲ್ಲ. ಆಗ ಸರ್ಕಾರದ ದಾಖಲೆಯಲ್ಲಿ ಹೊಸ ಮಾಲೀಕ ಅನ್ನುವ ಮನುಷ್ಯನೇ ಇಲ್ಲ. ಇಲ್ಲದ ಹೆಸರನ್ನು ಯಾವ ಕಾನೂನು ತೆಗೆದು ಕೊಟ್ಟೀತು? ನಮ್ಮಲ್ಲಿ ಹೆಚ್ಚಿನವರ ಕಷ್ಟ ಎರಡನೆಯದು, ಜಗಳ ಮಾತ್ರ ಮೊದಲನೆಯದರ ಜೊತೆ.

ದಾಖಲೆ ಹೇಗೆ ನಡೆಯುತ್ತದೆ ಅಂತ ಮೊದಲು ನೋಡೋಣ. 1988ರ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 2(30) ಪ್ರಕಾರ ಮಾಲೀಕ ಅಂದರೆ ಯಾರ ಹೆಸರಲ್ಲಿ ಗಾಡಿ ನೋಂದಣಿಯಾಗಿದೆಯೋ ಅವರು. ಸಾಲ, ಲೀಸ್ ಅಂಥ ಕೆಲವು ಸಂದರ್ಭಗಳಲ್ಲಿ ಬೇರೆ ಲೆಕ್ಕ ಇದೆ, ನಮ್ಮಂಥವರ ವಿಷಯದಲ್ಲಿ ಇಷ್ಟೇ. ದುಡ್ಡು ಕೊಟ್ಟವರಲ್ಲ, ಕೀ ಇರುವವರಲ್ಲ, ದಿನಾ ಓಡಿಸುವವರೂ ಅಲ್ಲ. ಸೆಕ್ಷನ್ 50 ಮಾರಾಟದ ಬಗ್ಗೆ ಹೇಳುತ್ತದೆ. ಮಾರಿದವರು 14 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು, ಅದರ ಪ್ರತಿಯನ್ನು ಕೊಂಡವರಿಗೂ ಕಳಿಸಬೇಕು. ಗಾಡಿ ಬೇರೆ ರಾಜ್ಯಕ್ಕೆ ಹೋಗುವುದಾದರೆ 45 ದಿನ, ಜೊತೆಗೆ ಎನ್‌ಒಸಿ, ಅಂದರೆ ಆಕ್ಷೇಪಣೆ ಇಲ್ಲ ಅನ್ನುವ ಪತ್ರ. ಕೊಂಡವರು 30 ದಿನದೊಳಗೆ ಆರ್‌ಸಿ, ಶುಲ್ಕ ಎಲ್ಲಾ ಕೊಟ್ಟು ತಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು. ತಿಳಿಸುವುದಕ್ಕೆ ಫಾರ್ಮ್ 29, ವರ್ಗಾವಣೆಗೆ ಫಾರ್ಮ್ 30.

ಇಲ್ಲಿ ಒಂದು ವಿಷಯ ಗಮನಿಸಿ. ಗಾಡಿಯನ್ನು ಯಾರಿಗೆ ಕೊಟ್ಟೆ ಅಂತ ಆರ್‌ಟಿಒಗೆ ಮೊದಲು ಹೇಳಬೇಕಾದವರು ನಾವೇ. ಆ 14 ದಿನದಲ್ಲಿ ಹೆಸರು, ವಿಳಾಸ ಎರಡೂ ನಮ್ಮ ಕೈಯಲ್ಲಿ ಇರುತ್ತವೆ. ಫಾರ್ಮ್ 29ರಲ್ಲಿ ಅದನ್ನು ಬರೆಯಲು ಜಾಗವೇ ಇದೆ. ನಾವು ಏನು ಮಾಡುತ್ತೇವೆ? ಕೊಂಡವರ ಕಾಲಂ ಖಾಲಿ ಬಿಟ್ಟು, ಫಾರ್ಮ್ 29, 30 ಎರಡಕ್ಕೂ ಸಹಿ ಹಾಕಿ, "ನೀವೇ ಮಾಡಿಸಿಕೊಳ್ಳಿ" ಅಂತ ಕೈಗೆ ಕೊಟ್ಟು ಬರುತ್ತೇವೆ. ನಾನೂ ಮಾಡಿದ್ದು ಅದೇ. ಖಾಲಿ ಫಾರ್ಮು ಗಾಡಿ ಜೊತೆಗೇ ಕೈಯಿಂದ ಕೈಗೆ ಹೋಗುತ್ತದೆ, ಮಧ್ಯದಲ್ಲಿ ಬಂದವರು ಯಾರೂ ತಮ್ಮ ಹೆಸರು ಬರೆಯುವುದಿಲ್ಲ, ಶುಲ್ಕ ಉಳಿಯುತ್ತದೆ, ತಲೆನೋವು ತಪ್ಪುತ್ತದೆ, ಕೊನೆಗೆ ಗಾಡಿ ಯಾರ ಬಳಿ ನಿಲ್ಲುತ್ತದೋ ಅವರಿಗೂ ನಮಗೂ ನಡುವೆ ನಾಲ್ಕು ಜನ ಇರುತ್ತಾರೆ, ಆ ನಾಲ್ವರಲ್ಲಿ ಇಬ್ಬರ ಫೋನ್ ನಂಬರ್ ಬದಲಾಗಿರುತ್ತದೆ.

ಇದರಿಂದ ಬರುವುದು ಬರೀ 500 ರೂಪಾಯಿ ಹೆಲ್ಮೆಟ್ ದಂಡವಾಗಿದ್ದರೆ ಇಷ್ಟು ಬರೆಯುತ್ತಿರಲಿಲ್ಲ. 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಒಂದು ಅಪಘಾತದ ಪ್ರಕರಣ ತೀರ್ಮಾನಿಸಿತು. ಕಾರು 2007ರಲ್ಲಿ ಮಾರಾಟವಾಗಿತ್ತು, ಅಲ್ಲಿಂದ ಇನ್ನೊಬ್ಬರಿಗೆ, ಅವರಿಂದ ಮತ್ತೊಬ್ಬರಿಗೆ ಹೋಗಿತ್ತು. 2009ರಲ್ಲಿ ಆ ಕಾರು ಹಿಂದಕ್ಕೆ ಚಲಿಸುವಾಗ ಬಡಿದು ಒಬ್ಬ ಹುಡುಗ ಸತ್ತ, ಅವನ ಜೊತೆಗಿದ್ದ ಹೆಂಗಸಿಗೆ ಗಾಯವಾಯಿತು. ಪರಿಹಾರ ಕೊಡುವವರು ಯಾರು? ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ, ಅಂದರೆ ಮೊದಲು ಮಾರಿದವರೇ, ಅಂತ ಕೋರ್ಟ್ ಹೇಳಿತು. ಅದಕ್ಕೆ ಕೊಟ್ಟ ಕಾರಣ ನನಗೆ ಸರಿ ಅನ್ನಿಸುತ್ತದೆ. ಮಗನನ್ನು ಕಳೆದುಕೊಂಡ ಮನೆಯವರು ಗಾಡಿ ಯಾರಿಂದ ಯಾರಿಗೆ ಹೋಯಿತು ಅಂತ ಊರೂರು ಹುಡುಕಿಕೊಂಡು ಅಲೆಯಬೇಕಾ? ಅವರ ಕಣ್ಣಿಗೆ ಕಾಣುವುದು ದಾಖಲೆಯಲ್ಲಿರುವ ಹೆಸರು ಒಂದೇ. ಗಾಡಿಗೆ ಇನ್ಶೂರೆನ್ಸ್ ಇದ್ದರೆ ಕಂಪನಿ ಕಟ್ಟುತ್ತದೆ. ಕೈ ಬದಲಾದ ಹಳೇ ಗಾಡಿಗಳಲ್ಲಿ ಇನ್ಶೂರೆನ್ಸ್ ಮುಗಿದೇ ಹೋಗಿರುತ್ತದೆ, ಆಗ ಲಕ್ಷಗಟ್ಟಲೆ ಪರಿಹಾರ ಬಂದು ಬೀಳುವುದು ನಮ್ಮ ತಲೆ ಮೇಲೆ.

ಹದಿನೆಂಟು ತುಂಬದ ಹುಡುಗ ಆ ಗಾಡಿ ಓಡಿಸಿ ಸಿಕ್ಕಿಬಿದ್ದರೆ ಸೆಕ್ಷನ್ 199ಎ ಬರುತ್ತದೆ. ಪೋಷಕರ ಮೇಲೆ ಅಥವಾ ಗಾಡಿ ಮಾಲೀಕರ ಮೇಲೆ ಕೇಸು, 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ನನಗೆ ಗೊತ್ತಿರಲಿಲ್ಲ ಅಂತ ಸಾಬೀತು ಮಾಡುವ ಹೊಣೆಯೂ ನಮ್ಮದೇ. ಫೋಟೋದಲ್ಲಿದ್ದ ಆ ಮೂವರು ಹುಡುಗರ ಮುಖ ನೋಡಿದಾಗ ನನಗೆ ಮೊದಲು ನೆನಪಾದದ್ದು ಇದೇ. ಇನ್ನು ಗಾಡಿ ಅಪರಾಧಕ್ಕೆ ಬಳಕೆಯಾದರಂತೂ ಪೊಲೀಸರು ನೇರ ದಾಖಲೆಯ ಹೆಸರಿನ ಮನೆಗೇ ಬರುತ್ತಾರೆ. 2025ರ ನವೆಂಬರ್ 10ರಂದು ದೆಹಲಿಯ ಕೆಂಪುಕೋಟೆ ಬಳಿ ಸ್ಫೋಟಗೊಂಡ ಕಾರು ಹರಿಯಾಣದ ನಂಬರಿನದು, ಹಲವರ ಕೈ ಬದಲಾದದ್ದು. ತನಿಖೆ ಶುರುವಾದದ್ದು ಹಳೇ ಮಾಲೀಕರನ್ನು ಹಿಡಿದು ಕೇಳುವುದರಿಂದ.

ಈಗ ಖಾಸಗಿತನದ ಮಾತು. ಹೆಸರು ಯಾಕೆ ಮುಚ್ಚಿಡುತ್ತಾರೆ? ಕೆಲವು ವರ್ಷಗಳ ಹಿಂದೆ ಮುಚ್ಚಿಡುತ್ತಿರಲಿಲ್ಲ. ಅದೇ ಎಂಪರಿವಾಹನ್ ಆಪ್‌ನಲ್ಲಿ ಯಾವ ನಂಬರ್ ಹಾಕಿದರೂ ಮಾಲೀಕರ ಪೂರ್ತಿ ಹೆಸರು ಬರುತ್ತಿತ್ತು. ಸಿಗ್ನಲಿನಲ್ಲಿ ಪಕ್ಕ ನಿಂತ ಗಾಡಿ ಯಾರದು ಅಂತ ಯಾರು ಬೇಕಾದರೂ ನೋಡಬಹುದಿತ್ತು. ಒಂಟಿಯಾಗಿ ಸ್ಕೂಟರಿನಲ್ಲಿ ಹೋಗುವ ಹೆಣ್ಣುಮಗಳ ಹೆಸರು ಹಿಂದೆ ಬರುವ ಅಪರಿಚಿತನಿಗೆ ಹತ್ತು ಸೆಕೆಂಡಿನಲ್ಲಿ ಗೊತ್ತಾಗುವುದು ಎಂಥ ಅಪಾಯ ಅಂತ ಯೋಚಿಸಿ. ಅಮೆರಿಕದಲ್ಲಿ ಅದು ಕೊಲೆಯಲ್ಲೇ ಮುಗಿದಿತ್ತು. 1989ರಲ್ಲಿ ರೆಬೆಕಾ ಶೇಫರ್ ಎಂಬ ನಟಿಯ ಹಿಂದೆ ಬಿದ್ದಿದ್ದವನೊಬ್ಬ, ಕ್ಯಾಲಿಫೋರ್ನಿಯಾದ ವಾಹನ ಇಲಾಖೆಯ ದಾಖಲೆಯಿಂದ ಪತ್ತೇದಾರನ ಮೂಲಕ ಆಕೆಯ ಮನೆ ವಿಳಾಸ ತೆಗೆಸಿಕೊಂಡು, ಬಾಗಿಲಿಗೇ ಹೋಗಿ ಗುಂಡು ಹೊಡೆದ. ಆಕೆಗೆ ಆಗ 21 ವರ್ಷ. ವಾಹನ ಚಾಲಕರ ವಿವರ ಕಾಪಾಡುವ ಪ್ರತ್ಯೇಕ ಕಾನೂನು ಅಲ್ಲಿ 1994ರಲ್ಲಿ ಬಂದದ್ದರ ಹಿಂದೆ ಈ ಸಾವು ಇದೆ.

ನಮ್ಮಲ್ಲಿ ಖಾಸಗಿತನದ ರಕ್ಷಣೆ ಬೇರೆ ದಾರಿಯಲ್ಲಿ ಬಂತು. 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಅಂತ ಸಾರಿತು. ಆ ಕೇಸಿಗೆ ಹೆಸರು ಬಂದದ್ದೇ ನಮ್ಮವರಿಂದ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರಿಂದ. ಆಧಾರ್ ಪ್ರಶ್ನಿಸಿ ಕೋರ್ಟಿಗೆ ಹೋದಾಗ ಅವರಿಗೆ ಎಂಬತ್ತು ದಾಟಿತ್ತು. ತೀರ್ಪು ಬಂದ ಮೇಲೂ ಸರ್ಕಾರ ತಕ್ಷಣ ಪಾಠ ಕಲಿಯಲಿಲ್ಲ. 2019ರ ಮಾರ್ಚಿನಲ್ಲಿ ಕೇಂದ್ರದ ರಸ್ತೆ ಸಾರಿಗೆ ಸಚಿವಾಲಯ ವಾಹನ ದಾಖಲೆಗಳನ್ನು ಸಗಟಾಗಿ ಮಾರುವ ನೀತಿ ತಂದಿತು. ಕಂಪನಿಗಳಿಗೆ ವರ್ಷಕ್ಕೆ 3 ಕೋಟಿ ರೂಪಾಯಿ, ಶಿಕ್ಷಣ ಸಂಸ್ಥೆಗಳಿಗೆ 5 ಲಕ್ಷ. ವಾಹನ್ (ಗಾಡಿ ನೋಂದಣಿ) ಮತ್ತು ಸಾರಥಿ (ಡ್ರೈವಿಂಗ್ ಲೈಸೆನ್ಸ್) ದಾಖಲೆಗಳಿಂದ 65 ಕೋಟಿ ರೂಪಾಯಿ ಬಂದಿದೆ ಅಂತ ಅದೇ ವರ್ಷ ಸಂಸತ್ತಿನಲ್ಲಿ ಹೇಳಿದರು, 87 ಖಾಸಗಿ ಕಂಪನಿಗಳಿಗೆ ಪ್ರವೇಶ ಕೊಟ್ಟಿದ್ದೂ ಆಗಲೇ ಗೊತ್ತಾದದ್ದು. ನಾವು ಗಾಡಿ ತಗೊಳ್ಳಲು ಕಡ್ಡಾಯವಾಗಿ ಕೊಟ್ಟ ವಿವರ ಅದು. ಮಾರುವ ಮುಂಚೆ ನಮ್ಮನ್ನು ಯಾರೂ ಕೇಳಲಿಲ್ಲ. ದುರ್ಬಳಕೆಯ ಆತಂಕ ಎದ್ದ ಮೇಲೆ 2020ರಲ್ಲಿ ಆ ನೀತಿಯನ್ನು ಕೈಬಿಟ್ಟರು. ಆದರೆ ಹೊರಗೆ ಹೋದ ಮಾಹಿತಿ ವಾಪಸ್ ಬರುತ್ತದಾ? ಇಂಥದ್ದೆಲ್ಲ ಆದ ಮೇಲೆ ಹೆಸರಿನ ಮೇಲೆ ನಕ್ಷತ್ರ ಬಿದ್ದದ್ದು ಒಳ್ಳೆಯದೇ ಆಯಿತು ಅಂತ ನಾನು ನಂಬುತ್ತೇನೆ, ನನ್ನ ಸ್ಕೂಟರಿನ ಗೋಳು ಏನೇ ಇರಲಿ.

ಹಾಗಾದರೆ ಆರ್‌ಟಿಐ ಹಾಕಿದರೆ? ಎಲ್ಲರೂ ಮೊದಲು ಕೊಡುವ ಸಲಹೆ ಇದೇ. ಮಾಹಿತಿ ಹಕ್ಕು ಕಾಯ್ದೆಯ ಸೆಕ್ಷನ್ 8(1)(ಜೆ) ವೈಯಕ್ತಿಕ ಮಾಹಿತಿಗೆ ಸಂಬಂಧಪಟ್ಟದ್ದು. ಮುಂಚೆ ಅದರೊಳಗೇ ಒಂದು ತಕ್ಕಡಿ ಇತ್ತು: ಆ ಮಾಹಿತಿಗೂ ಸಾರ್ವಜನಿಕ ಕೆಲಸಕ್ಕೂ ಸಂಬಂಧ ಇದೆಯಾ, ಕೊಟ್ಟರೆ ಒಬ್ಬರ ಖಾಸಗಿ ಬದುಕಿಗೆ ಸುಮ್ಸುಮ್ನೆ ಕೈ ಹಾಕಿದಂತಾಗುತ್ತದಾ, ಹಾಗಿದ್ದರೂ ದೊಡ್ಡ ಸಾರ್ವಜನಿಕ ಹಿತ ಇದೆಯಾ ಅಂತ ಅಧಿಕಾರಿ ತೂಗಬೇಕಿತ್ತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯ ಸೆಕ್ಷನ್ 44(3) ಆ ತಕ್ಕಡಿಯನ್ನು ತೆಗೆದುಹಾಕಿತು. 2025ರ ನವೆಂಬರ್ 14ರಿಂದ ಅದು ಜಾರಿಯಲ್ಲಿದೆ. ಈಗ ಅಲ್ಲಿ ಉಳಿದಿರುವುದು ವೈಯಕ್ತಿಕ ಮಾಹಿತಿಗೆ ಸಂಬಂಧಿಸಿದ್ದನ್ನು ಕೊಡಬೇಕಿಲ್ಲ ಅನ್ನುವಷ್ಟೇ. ಸಾರ್ವಜನಿಕ ಹಿತ ಹೆಚ್ಚಿದ್ದರೆ ಕೊಡಬಹುದು ಅನ್ನುವ ಸೆಕ್ಷನ್ 8(2) ಇನ್ನೂ ಇದೆ ನಿಜ. ಆದರೆ ಇಲ್ಲ ಅನ್ನುವುದು ಅಧಿಕಾರಿಗೆ ಈಗ ತುಂಬಾ ಸುಲಭವಾಗಿದೆ. ರಸ್ತೆ ಕೆಲಸದ ಬಿಲ್ಲಿನಿಂದ ಹಿಡಿದು ರೇಷನ್ ಪಟ್ಟಿಯವರೆಗೆ ಜನ ಕೇಳಿ ಪಡೆಯುತ್ತಿದ್ದ ಎಷ್ಟೋ ವಿಷಯಗಳಲ್ಲಿ ಯಾರದೋ ಒಬ್ಬರ ಹೆಸರು ಇದ್ದೇ ಇರುತ್ತದೆ, ಅಲ್ವಾ? ಈ ತಿದ್ದುಪಡಿ ಸರಿಯಲ್ಲ ಅಂತಲೇ ನನ್ನ ಅಭಿಪ್ರಾಯ.

ಗಾಡಿ ವಿಷಯಕ್ಕೆ ಬಂದರೆ, ಪ್ರಶ್ನೆ ಕೇಳುವ ರೀತಿ ಬದಲಿಸಿದರೆ ಆರ್‌ಟಿಐ ಇನ್ನೂ ಕೆಲಸಕ್ಕೆ ಬರುತ್ತದೆ. ಹೊಸ ಮಾಲೀಕರ ಹೆಸರು, ವಿಳಾಸ ಕೊಡಿ ಅಂತ ಬರೆದರೆ ಇಲ್ಲ ಅನ್ನುತ್ತಾರೆ. ಅದರ ಬದಲು, ಇಂಥ ನಂಬರಿನ ಗಾಡಿ ಇಂಥ ದಿನಾಂಕದವರೆಗೆ ನನ್ನ ಹೆಸರಿನಲ್ಲಿತ್ತು, ವರ್ಗಾವಣೆಗೆ ಅರ್ಜಿ ಬಂದಿದೆಯೇ, ಬಂದದ್ದು ಯಾವ ದಿನ, ಮಂಜೂರಾದದ್ದು ಯಾವ ದಿನ, ನನ್ನ ಸಹಿ ಇರುವ ಫಾರ್ಮ್ 29ರ ದೃಢೀಕೃತ ಪ್ರತಿ ಕೊಡಿ, ಬೇರೆಯವರ ವಿವರ ಇದ್ದರೆ ಅದನ್ನು ಮುಚ್ಚಿ ಕೊಡಿ ಅಂತ ಬರೆಯಿರಿ. ಕೊಡಬಾರದ ಭಾಗ ಮುಚ್ಚಿ ಉಳಿದದ್ದನ್ನು ಕೊಡಬೇಕು ಅಂತ ಸೆಕ್ಷನ್ 10 ಹೇಳುತ್ತದೆ. ಅರ್ಜಿ ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಚಲನ್ ಬಂದಾಗಲೋ ಕೋರ್ಟ್ ನೋಟಿಸ್ ಬಂದಾಗಲೋ ನಮ್ಮನ್ನು ಉಳಿಸುವುದು ಆ ತಾರೀಖು. ಕೊಂಡವರ ಮನೆ ಎಲ್ಲಿ ಅನ್ನುವುದು ಅಲ್ಲಿ ಬೇಕಾಗುವುದೇ ಇಲ್ಲ.

ಗಾಡಿ ಇನ್ನೂ ನಿಮ್ಮ ಹೆಸರಲ್ಲೇ ಇದ್ದರೆ ಆರ್‌ಟಿಐ ಕೂಡ ಬೇಡ. ಆರ್‌ಟಿಒದಲ್ಲಿ ಬಿ ಎಕ್ಸ್‌ಟ್ರ್ಯಾಕ್ಟ್ ಅಂತ ಕೇಳಿ. ಗಾಡಿಯ ಪೂರ್ತಿ ಜಾತಕ ಅದು: ಯಾರ ಹೆಸರು, ಸಾಲ ಇದೆಯಾ, ತೆರಿಗೆ, ಇನ್ಶೂರೆನ್ಸ್ ಎಲ್ಲಾ. ನಿಮ್ಮ ಹೆಸರಿನ ದಾಖಲೆ ನಿಮಗೆ ಕೊಡಲು ಯಾವ ಖಾಸಗಿತನವೂ ಅಡ್ಡ ಬರುವುದಿಲ್ಲ.

ದತ್ತಾಂಶ ರಕ್ಷಣಾ ಕಾಯ್ದೆಯ ಬಗ್ಗೆ ಇನ್ನೆರಡು ಮಾತು, ಯಾಕೆಂದರೆ ಇದರ ಬಗ್ಗೆ ಗೊಂದಲ ಜಾಸ್ತಿ. ಗಾಡಿ ಮಾರುವಾಗ ಕೊಂಡವರ ಗುರುತಿನ ಚೀಟಿ ಪ್ರತಿ ಕೇಳಿದರೆ ಕಾನೂನು ಪ್ರಕಾರ ತಪ್ಪಾಗುತ್ತದಾ ಅಂತ ಕೆಲವರು ಹೆದರುತ್ತಾರೆ. ಇಲ್ಲ. ಒಬ್ಬ ವ್ಯಕ್ತಿ ತನ್ನ ಸ್ವಂತ ಅಥವಾ ಮನೆಯ ಕೆಲಸಕ್ಕೆ ಇಟ್ಟುಕೊಳ್ಳುವ ಮಾಹಿತಿಗೆ ಈ ಕಾಯ್ದೆ ಅನ್ವಯಿಸುವುದೇ ಇಲ್ಲ, ಸೆಕ್ಷನ್ 3ರಲ್ಲೇ ಅದನ್ನು ಹೊರಗಿಟ್ಟಿದ್ದಾರೆ. ಅದನ್ನು ವಾಟ್ಸಾಪ್ ಗುಂಪಿನಲ್ಲಿ ಹಾಕಿ ಮಾನ ಕಳೆಯಲು ಹೋಗಬೇಡಿ, ಅಷ್ಟೇ. ಇನ್ನೊಂದು, ಕಾನೂನುಬದ್ಧ ಹಕ್ಕು ಸಾಧಿಸಿಕೊಳ್ಳಲು, ಅಪರಾಧ ಪತ್ತೆ ಮಾಡಲು ಮಾಹಿತಿ ಬೇಕಾದರೆ ಸೆಕ್ಷನ್ 17ರಲ್ಲಿ ವಿನಾಯಿತಿ ಇದೆ. ಅದನ್ನು ಓದಿ ಕೆಲವರು ಕುಣಿಯುತ್ತಾರೆ, ನನಗೆ ಹಕ್ಕಿದೆ, ಕೊಡಲೇಬೇಕು ಅಂತ. ಸರಿಯಾಗಿ ಓದಿದರೆ ಅದು ಹಾಗೆ ಹೇಳುವುದಿಲ್ಲ. ಕೊಟ್ಟರೆ ತಪ್ಪಿಲ್ಲ ಅನ್ನುತ್ತದೆ. ಕೊಡಲೇಬೇಕು ಅನ್ನುವ ಬಲ ಬೇರೆ ಕಾನೂನಿನಿಂದ ಬರಬೇಕು.

ಆ ಬಲ ಎಲ್ಲಿದೆ ಗೊತ್ತಾ? ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 160ರಲ್ಲಿ. ಗಾಡಿ ಬಡಿದು ಗಾಯವಾಯಿತು, ಪರಿಹಾರ ಕೇಳುವ ಹಕ್ಕು ನನಗಿದೆ ಅಂತ ಯಾರಾದರೂ ಕೇಳಿದರೆ, ನಿಗದಿತ ಶುಲ್ಕ ಕಟ್ಟಿಸಿಕೊಂಡು ಆ ಗಾಡಿಯ ಗುರುತು, ಆಗ ಗಾಡಿ ಬಳಸುತ್ತಿದ್ದವರ ಹೆಸರು, ವಿಳಾಸದಂಥ ತಮ್ಮ ಬಳಿ ಇರುವ ವಿವರವನ್ನು ಆರ್‌ಟಿಒ ಅಥವಾ ಠಾಣಾಧಿಕಾರಿ ಕೊಡಬೇಕು. ಇಲ್ಲಿ ಖಾಸಗಿತನ ಪಕ್ಕಕ್ಕೆ ಸರಿಯುತ್ತದೆ. ಎಷ್ಟೋ ಗಾಯಾಳುಗಳಿಗೆ, ಅವರ ಮನೆಯವರಿಗೆ ಈ ಸೆಕ್ಷನ್ ಇರುವುದೇ ಗೊತ್ತಿಲ್ಲ. ಆಸ್ಪತ್ರೆ ಬಾಗಿಲಲ್ಲಿ ಗಾಡಿ ನಂಬರ್ ಒಂದನ್ನೇ ಚೀಟಿಯಲ್ಲಿ ಬರೆದಿಟ್ಟುಕೊಂಡು, ಯಾರನ್ನು ಕೇಳಬೇಕು ಅಂತ ತಿಳಿಯದೆ ಕೂತವರನ್ನು ನೋಡಿದ್ದೇನೆ. ಇದನ್ನು ಓದಿದವರು ಅಂಥ ಒಬ್ಬರಿಗಾದರೂ ಹೇಳಿ. ಪೊಲೀಸರಿಗಂತೂ ದಾಖಲೆ ನೇರವಾಗಿ ಕಾಣುತ್ತದೆ. ಕೋರ್ಟಿನಲ್ಲಿ ಕೇಸು ಇದ್ದರೆ ಆರ್‌ಟಿಒದಿಂದ ದಾಖಲೆ ತರಿಸಿ ಅಂತ ಅರ್ಜಿ ಹಾಕಬಹುದು.

ಬರೀ ಮಾರಿದವರಿಗೆ ಸೆಕ್ಷನ್ 160 ಸಿಗುವುದಿಲ್ಲ. ಹಾಗಂತ ಕೈಕಟ್ಟಿ ಕೂರಬೇಕಿಲ್ಲ. ಚಲನ್ ಫೋಟೋದಲ್ಲಿ ಜಾಗ, ದಿನ, ಹೊತ್ತು ಇರುತ್ತದೆ. ನನ್ನ ನಾಲ್ಕರಲ್ಲಿ ಮೂರು ಒಂದೇ ಜಂಕ್ಷನ್ನಿನವು, ಬೆಳಿಗ್ಗೆ ಎಂಟೂವರೆಯಿಂದ ಒಂಬತ್ತರ ಒಳಗೆ. ಕಾಲೇಜಿಗೋ ಕೆಲಸಕ್ಕೋ ಹೋಗುವ ದಾರಿ ಅಂತ ಗೊತ್ತಾಗುತ್ತದೆ. ಆಪ್‌ನಲ್ಲಿ ಇನ್ಶೂರೆನ್ಸ್ ಯಾವ ತಾರೀಖಿನವರೆಗೆ ಇದೆ ಅಂತ ಕಾಣುತ್ತದೆ. ನೀವು ಮಾರಿದ ಮೇಲೆ ಅದು ರಿನ್ಯೂ ಆಗಿದ್ದರೆ ಯಾರೋ ಒಬ್ಬರು ಕಂಪನಿಗೆ ಹೆಸರು, ಫೋನ್ ಕೊಟ್ಟಿದ್ದಾರೆ ಅಂತಲೇ ಅರ್ಥ. ಕಂಪನಿ ನಿಮಗೆ ಹೇಳುವುದಿಲ್ಲ, ಪೊಲೀಸರು ಕೇಳಿದರೆ ಹೇಳುತ್ತದೆ. ಇದನ್ನೆಲ್ಲ ಒಂದು ಹಾಳೆಯಲ್ಲಿ ಕ್ರಮವಾಗಿ ಬರೆದು ದೂರಿನ ಜೊತೆ ಕೊಟ್ಟರೆ ಠಾಣೆಯಲ್ಲಿ ನಿಮ್ಮ ಮಾತಿಗೆ ತೂಕ ಬರುತ್ತದೆ. ಬರೀ ಬಾಯಿಮಾತಲ್ಲಿ ಹೇಳಿದರೆ "ಮಾರುವಾಗ ನೋಡ್ಕೋಬೇಕಿತ್ತು" ಅಂತ ಕಳಿಸುತ್ತಾರೆ.

ಒಂದು ದಾರಿ ಮಾತ್ರ ಹಿಡಿಯಬೇಡಿ. ಗಾಡಿ ನಂಬರ್ ಕೊಟ್ಟರೆ ಮಾಲೀಕರ ಫೋನ್, ವಿಳಾಸ ಕೊಡುತ್ತೇವೆ ಅನ್ನುವ ಟೆಲಿಗ್ರಾಂ ಬಾಟ್‌ಗಳು, ಏಜೆಂಟರು ಇದ್ದಾರೆ. ಅದು ಕದ್ದ ಮಾಲು. ಗಾಡಿ ನಿಮ್ಮ ಹೆಸರಲ್ಲೇ ಇದ್ದರೆ ದುಡ್ಡು ಕೊಟ್ಟು ನಿಮ್ಮದೇ ವಿಳಾಸ ಕೊಂಡ ಹಾಗಾಗುತ್ತದೆ, ಬೇರೆಯವರ ಹೆಸರಲ್ಲಿದ್ದರೆ ನೀವೇ ತಪ್ಪಿತಸ್ಥರಾಗುತ್ತೀರಿ. ವಿಳಾಸ ಸಿಕ್ಕಿತು ಅಂತ ಬಾಗಿಲಿಗೆ ಹೋಗಿ ಜಗಳ ಆಡಿದರಂತೂ ಮುಗಿಯಿತು.

ಈ ವಿಷಯದಲ್ಲಿ ಯಾರೂ ಮಾತಾಡದ ಇನ್ನೊಂದು ಮಗ್ಗುಲು ಇದೆ. ಕೊಂಡವರ ಖಾಸಗಿತನ ನಮ್ಮಿಂದಲೇ ಹೋಗಬಹುದು. ಪರಿಚಯದವರೊಬ್ಬರು ಕಾರು ಮಾರಿ ಫಾಸ್ಟ್ಯಾಗ್ ಮುಚ್ಚುವುದು ಮರೆತಿದ್ದರು. ವಾರಕ್ಕೆ ಎರಡು ಸಲ ಟೋಲ್ ದುಡ್ಡು ಕಡಿತವಾದ ಮೆಸೇಜ್ ಬರುತ್ತಿತ್ತು. ಹೋಗುವ ಹೊತ್ತು, ಬರುವ ಹೊತ್ತು, ಯಾವ ಟೋಲ್, ಎಲ್ಲಾ ಅದರಲ್ಲೇ. ಕಾರು ಕೊಂಡ ಮನೆಯವರು ಯಾವ ವಾರ ಊರಲ್ಲಿರುವುದಿಲ್ಲ ಅಂತ ಅವರಿಗೆ ಗೊತ್ತಾಗುತ್ತಿತ್ತು. ಈಗಿನ ಹೊಸ ಕಾರುಗಳಲ್ಲಿ ಇದು ಇನ್ನೂ ಜಾಸ್ತಿ. ಕಾರಿಗೆ ಜೋಡಿಸಿದ ಆಪ್ ಹಳೇ ಮಾಲೀಕರ ಫೋನಿನಲ್ಲೇ ಉಳಿದರೆ ಕಾರು ಎಲ್ಲಿ ನಿಂತಿದೆ ಅಂತ ನಕ್ಷೆಯಲ್ಲೇ ಕಾಣಬಹುದು. ಹಾಗಾಗಿ ಮಾರಿದ ದಿನವೇ ಫಾಸ್ಟ್ಯಾಗ್ ಮುಚ್ಚಿಸಿ, ಆಪ್‌ನಿಂದ ಗಾಡಿ ತೆಗೆದುಹಾಕಿ, ಬ್ಲೂಟೂತ್ ಜೋಡಣೆ ಅಳಿಸಿ. ಕೊಂಡವರು ನೀವಾದರೆ ಇದನ್ನೆಲ್ಲ ನಿಮ್ಮ ಕಣ್ಣೆದುರೇ ಮಾಡಿಸಿ.

ಆಟೋ ಕನ್ಸಲ್ಟೆಂಟ್ ಮೂಲಕ ಮಾರುವವರಿಗೆ ಒಂದು ಒಳ್ಳೆಯ ನಿಯಮ 2023ರ ಏಪ್ರಿಲ್ 1ರಿಂದ ಇದೆ. ಹಳೇ ಗಾಡಿ ವ್ಯಾಪಾರಿ ಆರ್‌ಟಿಒದಿಂದ ಅಧಿಕೃತ ಡೀಲರ್ ಆಗಿ ಅನುಮತಿ ಪಡೆದಿದ್ದರೆ, ನೀವು ಗಾಡಿ ಒಪ್ಪಿಸಿದ್ದನ್ನು ಫಾರ್ಮ್ 29ಸಿ ಮೂಲಕ ಪರಿವಾಹನ್ ಪೋರ್ಟಲಿನಲ್ಲಿ ತಿಳಿಸಬಹುದು. ಅಲ್ಲಿಂದ ಮುಂದೆ ಗಾಡಿಯ ಹೊಣೆ ಡೀಲರಿನದು, ಕಾನೂನಿನ ಕಣ್ಣಲ್ಲಿ ಅವರೇ ಮಾಲೀಕರು. ಗಿರಾಕಿ ಸಿಗುವವರೆಗೆ ಗಾಡಿ ಅಂಗಡಿಯಲ್ಲಿ ನಿಲ್ಲುವ ಆ ಅನಾಥ ತಿಂಗಳುಗಳಿಗೆ ಇದೊಂದೇ ಸರಿಯಾದ ಉತ್ತರ. ಆದ್ದರಿಂದ ಕನ್ಸಲ್ಟೆಂಟ್ ಹತ್ತಿರ ರೇಟು ಮಾತಾಡುವ ಮುಂಚೆ ನಿಮ್ಮ ಹತ್ತಿರ ಆ ಅನುಮತಿ ಇದೆಯಾ ಅಂತ ಕೇಳಿ. ಇಲ್ಲ ಅಂದರೆ ಸಾವಿರ ಎರಡು ಸಾವಿರ ಜಾಸ್ತಿ ಸಿಕ್ಕರೂ ಕೊಡಬೇಡಿ.

ಕ್ಯಾಲಿಫೋರ್ನಿಯಾದಲ್ಲಿರುವ ನನ್ನ ಅಣ್ಣನ ಮಗ ಅಲ್ಲಿ ಕಾರು ಮಾರಿದಾಗ ಐದು ದಿನದೊಳಗೆ ಆನ್‌ಲೈನಿನಲ್ಲಿ ಹೊಣೆ ಬಿಡುಗಡೆಯ ನೋಟಿಸ್ ತುಂಬಿದ್ದ. ಕೊಂಡವರು ತಮ್ಮ ಹೆಸರಿಗೆ ಮಾಡಿಸಿಕೊಳ್ಳಲಿ ಬಿಡಲಿ, ಮಾರಿದವರು ಒಬ್ಬರೇ ಹೋಗಿ "ನಾನು ಕೊಟ್ಟಾಯಿತು" ಅಂತ ದಾಖಲಿಸಬಹುದು. ನಮ್ಮಲ್ಲೂ ಫಾರ್ಮ್ 29 ಇರುವುದು ಇದಕ್ಕೇ, ಆದರೆ ತಿಳಿಸಿದ ಮಾತ್ರಕ್ಕೆ ದಾಖಲೆಯಿಂದ ನಮ್ಮ ಹೆಸರು ಹೋಗುವುದಿಲ್ಲ. ಕೊಂಡವರೂ ಮುಂದೆ ಬರಬೇಕು, ಓಟಿಪಿ ಕೊಡಬೇಕು. ಮಾರಿದವರು ತಿಳಿಸಿದ ದಿನದಿಂದಲೇ ದಾಖಲೆಯಲ್ಲಿ ಒಂದು ಗುರುತು ಬೀಳುವಂತೆ ಮಾಡಿದರೆ ಅರ್ಧ ಸಮಸ್ಯೆ ಅಲ್ಲೇ ತೀರುತ್ತದೆ. ಸರ್ಕಾರ ತಿದ್ದಬೇಕಾದದ್ದು ಇದನ್ನು.

ಅಲ್ಲಿಯವರೆಗೆ ನಮ್ಮ ಕೈಲಿರುವುದು ಕಾಗದ. ಗಾಡಿ ಒಪ್ಪಿಸಿದ್ದಕ್ಕೆ ಡೆಲಿವರಿ ನೋಟ್ ಬರೆಸಿಕೊಳ್ಳಿ. ಅದರಲ್ಲಿ ದಿನದ ಜೊತೆ ಗಂಟೆ, ನಿಮಿಷವೂ ಇರಲಿ. ಬೆಳಿಗ್ಗೆ ಹನ್ನೊಂದಕ್ಕೆ ಕೊಟ್ಟು ಮಧ್ಯಾಹ್ನ ಒಂದಕ್ಕೆ ಅಪಘಾತವಾದರೆ ಆ ಎರಡು ಗಂಟೆಯೇ ಎಲ್ಲಾ. ಓಡೋಮೀಟರ್ ಕಾಣುವಂತೆ ಗಾಡಿ ಜೊತೆ ಕೊಂಡವರ ಫೋಟೋ ತೆಗೆದುಕೊಳ್ಳಿ. ದುಡ್ಡು ಯುಪಿಐನಲ್ಲಿ ಅಥವಾ ಬ್ಯಾಂಕಿನಲ್ಲಿ ಬರಲಿ. ಫಾರ್ಮ್ 29ರಲ್ಲಿ ಅವರ ಹೆಸರು, ವಿಳಾಸ ನೀವೇ ತುಂಬಿ, ಒಂದು ಪ್ರತಿಯನ್ನು ಆರ್‌ಟಿಒಗೆ ಕೊಟ್ಟು ಇನ್ನೊಂದರ ಮೇಲೆ ಸೀಲು ಹಾಕಿಸಿಕೊಳ್ಳಿ, ಕೌಂಟರಿನಲ್ಲಿ ತಗೊಳ್ಳದಿದ್ದರೆ ರಿಜಿಸ್ಟರ್ಡ್ ಪೋಸ್ಟ್‌ಗೆ ಬದಲು ಈಗಿರುವ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಿ. ಆರ್‌ಸಿಯಲ್ಲಿ ಜೋಡಿಸಿದ ನಿಮ್ಮ ಮೊಬೈಲ್ ನಂಬರ್ ಹೆಸರು ಬದಲಾಗುವವರೆಗೆ ಚಾಲ್ತಿಯಲ್ಲಿರಲಿ, ವರ್ಗಾವಣೆಯ ಓಟಿಪಿಯೂ ಅಲ್ಲಿಗೇ ಬರುವುದು, ಚಲನ್ನೂ ಅಲ್ಲಿಗೇ ಬರುವುದು.

ನನ್ನ ಸ್ಕೂಟರಿನ ಕಥೆ ಹೀಗೆ ಮುಗಿಯಿತು. ಮೊದಲು ಕೊಂಡವನ ಯುಪಿಐ ದಾಖಲೆ, ಅವನು "ಫ್ರೆಂಡಿಗೆ ಕೊಟ್ಟೆ" ಅಂತ ಕಳಿಸಿದ್ದ ಮೆಸೇಜ್, ನಾಲ್ಕು ಚಲನ್ ಫೋಟೋ, ಎಲ್ಲದರ ಪ್ರತಿ ಹಚ್ಚಿ ಠಾಣೆಗೂ ಆರ್‌ಟಿಒಗೂ ಒಂದೇ ಒಕ್ಕಣೆಯ ದೂರು ಕೊಟ್ಟೆ. ಮೂರು ವಾರ ಏನೂ ಆಗಲಿಲ್ಲ. ನಾಲ್ಕನೇ ವಾರ ಅದೇ ಜಂಕ್ಷನ್ನಿನಲ್ಲಿ ಗಾಡಿ ಹಿಡಿದರು ಅಂತ ಠಾಣೆಯಿಂದ ಫೋನ್ ಬಂತು. ಯಾರು ಅಂತ ಅವರು ಹೇಳಲಿಲ್ಲ, ನಾನೂ ಒತ್ತಾಯ ಮಾಡಲಿಲ್ಲ. "ಅವರ ಕೈಲೇ ದಂಡ ಕಟ್ಟಿಸ್ತೀವಿ, ಇನ್ಶೂರೆನ್ಸ್ ಮಾಡಿಸಿ ಹೆಸರು ಬದಲಾಯಿಸಿಕೊಂಡ ಮೇಲೇ ಗಾಡಿ ಬಿಡೋದು" ಅಂದರು. ಹದಿನೈದು ದಿನ ಬಿಟ್ಟು ನನ್ನ ಫೋನಿಗೆ ಓಟಿಪಿ ಬಂತು. ಆಮೇಲೆ ಆಪ್ ತೆರೆದು ನಂಬರ್ ಹಾಕಿದೆ. ಹೆಸರಿನ ಮೊದಲ ಅಕ್ಷರ ಬದಲಾಗಿತ್ತು, ಮಿಕ್ಕದ್ದೆಲ್ಲ ನಕ್ಷತ್ರ. ಆ ಪುಟವನ್ನು ದಿನಾಂಕ ಕಾಣುವಂತೆ ಪ್ರಿಂಟ್ ತೆಗೆದು, ಠಾಣೆಗೆ ಕೊಟ್ಟ ದೂರಿನ ಪ್ರತಿಯ ಜೊತೆ ಫೈಲಿನಲ್ಲಿ ಇಟ್ಟಿದ್ದೇನೆ.